ರಾವುತನಿಗೆ ಅನ್ನವೆಲ್ಲಿ?

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿಯೊಬ್ಬನ ಲೇಖನ)

ಕುದುರೆ ಎಂದೊಡನೆ ನಮ್ಮ ಕಡೆಯವರ ಕಣ್ಣಿಗೆ ಕಟ್ಟುವುದು ಮೈಸೂರಿನ ದಸರೆ. ಅಂಬಾರಿಯ ಆನೆಗಾಗಿ ಬೆಳಗಿನಿಂದ ಬಿಸಿಲಿನಲ್ಲಿ ಕಾದು ಕುಳಿತ ಜನಕ್ಕೆ ಮೊದಲು ಕೇಳಿಸುವುದು ಗೊರಸಿನ ಸದ್ದು. ಪೇಟ ಧರಿಸಿ, ಭರ್ಜಿ ಹಿಡಿದು, ಬೆನ್ನು ನೆಟ್ಟಗೆ ಮಾಡಿ ಕುಳಿತ ಪೋಲೀಸು ಸವಾರರು ಸಾಲುಸಾಲಾಗಿ ಹಾದುಹೋಗುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆ ಸವಾರನಿಗೆ ತಿಂಗಳಿಗೆ ಎಷ್ಟು ಸಂಬಳ, ಅವನ ಕುದುರೆ ಯಾರದು, ಅದರ ಮೇವಿಗೆ ಹಣ ಎಲ್ಲಿಂದ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿದವನಲ್ಲ. ಮೂರು ವರ್ಷದ ಹಿಂದೆ ಒಂದು ದಿನ ಕೇಳಬೇಕಾಗಿ ಬಂತು.

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ಅರಿಸಿನದ ಬೆಲೆಯ ಮೇಲೋ, ಬಂಡೀಪುರದ ರಾತ್ರಿ ಸಂಚಾರದ ಮೇಲೋ ಬರೆಯುವುದು ವಾಡಿಕೆ. ‘ಕುದುರೆ ಸವಾರಿಯಂತೆ! ದೊರೆಮಕ್ಕಳ ಆಟದ ಗೊಡವೆ ನಮಗೇಕಪ್ಪ?’ ಎಂದು ಸ್ನೇಹಿತರು ನಕ್ಕರು. ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತು ನೋಡಿದ್ದರೆ ಅವರು ಹಾಗೆ ನಗುತ್ತಿರಲಿಲ್ಲ. ಊಟಿಗೆ ಹೋಗುವ ಬಸ್ಸಿಗೆ ಕೈಚೀಲ ಹಿಡಿದು ಹತ್ತುವ ಹುಡುಗರೆಲ್ಲ ಪ್ರವಾಸಿಗಳಲ್ಲ. ಕೆಲವರು ಹೋಟೆಲಿನಲ್ಲಿ ತಟ್ಟೆ ತೊಳೆಯಲು ಹೋಗುವವರು, ಕೆಲವರು ಚಹಾ ತೋಟಕ್ಕೆ. ಒಬ್ಬಿಬ್ಬರು ಕುದುರೆ ಹಿಡಿಯಲು ಹೋಗುವವರು.

ನನ್ನ ಸೋದರಮಾವನ ಮಗ ಹೀಗೆ ಹೋದವನು. ನನಗಿಂತ ಆರು ವರ್ಷ ದೊಡ್ಡವನಾದುದರಿಂದ ಅವನನ್ನು ಭಾವ ಎಂದೇ ಕರೆಯುತ್ತೇನೆ. ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತ ಕೈಕೊಟ್ಟಿತು. ಆ ಬೇಸಿಗೆಯಲ್ಲಿ ಮಸಿನಗುಡಿಯ ದಾರಿಯಾಗಿ ಊಟಿಗೆ ಹೋಗಿ, ಕೆರೆಯ ಬಳಿ ಪ್ರವಾಸಿಗಳ ಮಕ್ಕಳನ್ನು ಕುದುರೆಯ ಮೇಲೆ ಕೂರಿಸಿ ಒಂದು ಸುತ್ತು ತಿರುಗಿಸುವ ಕೆಲಸಕ್ಕೆ ಸೇರಿದ. ಕುದುರೆ ಅವನದಲ್ಲ. ದಿನದ ಸಂಪಾದನೆಯಲ್ಲಿ ಮೊದಲು ಕುದುರೆಯ ಮೇವು, ತೌಡು, ಲಾಳ ಇವುಗಳ ಬಾಬತ್ತು ಕಳೆಯಬೇಕು. ಅನಂತರ ಒಡೆಯನ ಪಾಲು. ಮಿಕ್ಕದ್ದು ಇವನದು. ಮಳೆ ಹಿಡಿದ ವಾರ ಏನೂ ಮಿಗುತ್ತಿರಲಿಲ್ಲ. ‘ಮೊದ್ಲು ಕುದ್ರ ಉಣ್ಬೇಕು, ಆಮ್ಯಾಕ ಸಾವ್ಕಾರ, ಉಳುದ್ರ ನಾನು ಕನಪ್ಪ’ ಎಂದು ಅವನು ಹೇಳಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ. ಅರ್ಥಶಾಸ್ತ್ರದ ಪಠ್ಯದಲ್ಲಿ ಸ್ಥಿರವೆಚ್ಚ ಎಂಬ ಪ್ರಕರಣವನ್ನು ಓದಿದಾಗ ನನಗೆ ನೆನಪಾದದ್ದು ಅದೇ ವಾಕ್ಯ.

ಆದರೂ ಅವನು ಕುದುರೆಯನ್ನು ಬಿಡಲಿಲ್ಲ. ಕುದುರೆಯ ಮೇಲೆ ಅವನು ಕುಳಿತುಕೊಳ್ಳುವುದನ್ನು ನೀವು ನೋಡಬೇಕಾಗಿತ್ತು! ಜೀನು ಇಲ್ಲದಿದ್ದರೂ, ಲಗಾಮು ಹಗ್ಗದ್ದಾದರೂ, ಅವನ ಕೆಳಗೆ ಕುದುರೆ ಬೇರೆಯೇ ಪ್ರಾಣಿಯಾಗುತ್ತಿತ್ತು. ಯಾರೋ ಅದನ್ನು ಗಮನಿಸಿ ಅವನನ್ನು ಒಂದು ನಗರದ ಪಂದ್ಯದ ಲಾಯಕ್ಕೆ ಕರೆದೊಯ್ದರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಲದ್ದಿ ಬಳಿದು, ಮೈಯುಜ್ಜಿ, ಹೊತ್ತು ಮೂಡುವ ಮುಂಚೆ ಕುದುರೆಯನ್ನು ಓಡಿಸಿ ಬೆವರಿಳಿಸುವ ಕೆಲಸ. ‘ಮುಂದೆ ಜಾಕಿಯಾಗುತ್ತೀಯೆ’ ಎಂಬ ಆಸೆಯ ಮಾತು. ಎರಡನೆಯ ವರ್ಷ ಒಂದು ಬೆಳಗ್ಗೆ ಕುದುರೆ ಬೆದರಿ ಮುಗ್ಗರಿಸಿತು. ಭಾವನ ತೊಡೆಯ ಮೂಳೆ ಎರಡು ಕಡೆ ಮುರಿಯಿತು. ಅವನ ಹೆಸರು ಯಾವ ಪುಸ್ತಕದಲ್ಲಿಯೂ ಇರಲಿಲ್ಲವಾಗಿ ಪರಿಹಾರದ ಮಾತೇ ಏಳಲಿಲ್ಲ. ಲಾಯದ ಸಂಗಡಿಗರು ಚಂದಾ ಎತ್ತಿ ಬಸ್ಸು ಹತ್ತಿಸಿದರು. ಈಗ ಅವನು ಗುಂಡ್ಲುಪೇಟೆಯಲ್ಲಿ ಚೆಂಡುಹೂವಿನ ಮೂಟೆ ಸಾಗಿಸುವ ಆಟೋ ಓಡಿಸುತ್ತಾನೆ. ಬ್ರೇಕು ಒತ್ತುವಾಗ ಬಲಗಾಲು ನೋಯುತ್ತದಂತೆ.

ಇದು ಒಂದು ಮನೆಯ ಕಥೆ. ಇದನ್ನು ಹಿಡಿದುಕೊಂಡು ಇಡೀ ವೃತ್ತಿಯನ್ನು ಹಳಿಯುವುದು ನ್ಯಾಯವಲ್ಲ. ಆದರೆ ಈ ಕಥೆಯಿಂದ ಹುಟ್ಟಿದ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕುದುರೆ ಸವಾರಿಯನ್ನೇ ಜೀವನವಾಗಿ ಆರಿಸಿಕೊಂಡವನು ಬದುಕುವುದು ಹೇಗೆ? ಅವನ ಕಲಿಕೆಗೆ, ಕುದುರೆಗೆ, ಬಿದ್ದ ದಿನದ ಔಷಧಕ್ಕೆ ಹಣ ಕೊಡುವವರು ಯಾರು?

ನಮ್ಮ ನಾಡಿಗೆ ಈ ಪ್ರಶ್ನೆ ಹೊಸದಲ್ಲ. ಹಿಂದಿನ ದಂಡುಗಳಲ್ಲಿ ಸವಾರರು ಎರಡು ಬಗೆ. ಸ್ವಂತ ಕುದುರೆ, ಸ್ವಂತ ಆಯುಧ ತಂದು ಸೇರಿದವನು ಸಿಲ್ಲೇದಾರ. ಸರ್ಕಾರದ್ದೋ, ಬೇರೆ ಯಜಮಾನನದೋ ಕುದುರೆ ಹತ್ತಿದವನು ಬಾರಗೀರ. ಸಿಲ್ಲೇದಾರನಿಗೆ ಸಂಬಳ ಹೆಚ್ಚು, ಮರ್ಯಾದೆಯೂ ಹೆಚ್ಚು. ಆದರೆ ಯುದ್ಧದಲ್ಲಿ ಕುದುರೆ ಸತ್ತರೆ ಅವನ ಬದುಕೂ ಸತ್ತಂತೆಯೇ. ಬಾರಗೀರನಿಗೆ ಆ ಭಯವಿಲ್ಲ, ಆ ಸ್ವಾತಂತ್ರ್ಯವೂ ಇಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1807ರ ಒಪ್ಪಂದದ ಪ್ರಕಾರ ಮೈಸೂರು ಸಂಸ್ಥಾನ ನಾಲ್ಕು ಸಾವಿರ ಕುದುರೆ ಸವಾರರನ್ನು ಇಟ್ಟುಕೊಳ್ಳಬೇಕಾಗಿತ್ತು. ಆ ಸಿಲ್ಲೇದಾರ ಕುದುರೆ ಪಡೆಯ ಹೆಸರು ಇತಿಹಾಸದ ಪುಸ್ತಕಗಳಲ್ಲಿ ಇಂದಿಗೂ ಕಾಣುತ್ತದೆ. ಇದೇ ಮುಮ್ಮಡಿಯವರು 1818ರಲ್ಲಿ ಅರಿಕುಠಾರ ಎಂಬ ಊರಿಗೆ, ತಮ್ಮ ತಂದೆ ಹುಟ್ಟಿದ ಊರೆಂಬ ಅಭಿಮಾನದಿಂದ, ಚಾಮರಾಜನಗರವೆಂದು ಹೆಸರಿಟ್ಟವರು. ದಂಡಿನ ಕುದುರೆಗೆ ಬೇಯಿಸಿ ಹಾಕುತ್ತಿದ್ದ ಹುರುಳಿ ನಮ್ಮಂತಹ ಬೆದ್ದಲು ಸೀಮೆಯ ಬೆಳೆ. ನಮ್ಮ ಪೂರ್ವಿಕರು ಕುದುರೆ ಹತ್ತಿದರೋ ಇಲ್ಲವೋ, ಕುದುರೆಗೆ ಉಣಿಸಿದ್ದಂತೂ ದಿಟ.

ಇಂದಿನ ಸವಾರರನ್ನು ಈ ಎರಡು ಹೆಸರುಗಳ ಕೆಳಗೆ ನಿಲ್ಲಿಸಿ ನೋಡಿದರೆ ವಿಷಯ ತಿಳಿಯಾಗುತ್ತದೆ.

ಇಂದಿನ ಬಾರಗೀರರಲ್ಲಿ ಅದೃಷ್ಟವಂತರು ಸಮವಸ್ತ್ರದವರು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಸವಾರರಲ್ಲಿ ಜೋಧಪುರದವರ ಜೊತೆಗೆ ಮೈಸೂರು ಲ್ಯಾನ್ಸರ್ಸ್ ದಳದವರೂ ಇದ್ದರೆಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಸ್ವಾತಂತ್ರ್ಯಾನಂತರ ಮೈಸೂರು ಮೊದಲಾದ ಸಂಸ್ಥಾನಗಳ ಕುದುರೆ ದಳಗಳನ್ನು ಒಂದುಗೂಡಿಸಿ 1953ರಲ್ಲಿ ಒಂದು ರೆಜಿಮೆಂಟನ್ನು ಕಟ್ಟಿದರು. ಜೈಪುರದಲ್ಲಿ ನೆಲೆಯಾದ 61ನೆಯ ಕ್ಯಾವಲ್ರಿ ಅದೇ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ರಘುಬೀರ್ ಸಿಂಗ್ ಆ ರೆಜಿಮೆಂಟಿನ ಸಾಮಾನ್ಯ ದಫೇದಾರ. ಅವರೇನು ಜಮೀನ್ದಾರರ ಮಗನಾಗಿ ಕುದುರೆ ಕೊಂಡವರಲ್ಲ. ಸೈನ್ಯ ಕುದುರೆ ಕೊಟ್ಟಿತು, ಸಂಬಳ ಕೊಟ್ಟಿತು, ಬಿದ್ದರೆ ಆಸ್ಪತ್ರೆ ಇತ್ತು. ಅವರಿಗೆ ಬೇಕಾದ ಉಳಿದದ್ದೆಲ್ಲ ಅವರ ಮೈಯಲ್ಲಿಯೇ ಇತ್ತು. ಬಡವನ ಮಗ ಸವಾರನಾಗುವುದಕ್ಕೆ ಇದಕ್ಕಿಂತ ನೇರವಾದ ದಾರಿಯನ್ನು ನಮ್ಮ ದೇಶ ಇನ್ನೂ ಕಂಡಿಲ್ಲವೆಂದೇ ನನ್ನ ಅಭಿಪ್ರಾಯ. ಮೈಸೂರಿನ ಸಶಸ್ತ್ರ ಮೀಸಲು ಪೋಲೀಸು ಅಶ್ವದಳವೂ ಇದೇ ಜಾತಿಯದು.

ಸಿಲ್ಲೇದಾರರ ಕಥೆ ಬೇರೆ. 2023ರಲ್ಲಿ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್, ಹೃದಯ್ ಛೇಡಾ, ಅನುಷ್ ಅಗರ್‌ವಾಲಾ ಈ ನಾಲ್ವರು ಡ್ರೆಸ್ಸಾಜ್ ಎಂಬ ಸ್ಪರ್ಧೆಯ ತಂಡ ವಿಭಾಗದಲ್ಲಿ ಚಿನ್ನ ಗೆದ್ದರು. ಕುದುರೆಯನ್ನು ನಾಟ್ಯದಂತೆ ಹೆಜ್ಜೆ ಹಾಕಿಸುವ ಸ್ಪರ್ಧೆ ಅದು. ಸವಾರಿಯಲ್ಲಿ ನಮಗೆ 41 ವರ್ಷಗಳ ಮೇಲೆ ಬಂದ ಚಿನ್ನ. ಗಂಡು ಹೆಣ್ಣು ಒಂದೇ ಅಂಕಣದಲ್ಲಿ ಸರಿಸಮನಾಗಿ ಸ್ಪರ್ಧಿಸುವ ಆಟ ಒಲಿಂಪಿಕ್ಸಿನಲ್ಲಿ ಇದೊಂದೇ ಎಂಬುದನ್ನು ನನ್ನ ಸಹಪಾಠಿನಿಯರು ಗಮನಿಸಬೇಕು. ಆದರೆ ಈ ನಾಲ್ವರೂ ಚಿಕ್ಕ ವಯಸ್ಸಿನಲ್ಲಿಯೇ ಮನೆ ಬಿಟ್ಟು ಯುರೋಪಿನಲ್ಲಿ ಕಲಿತವರು. ಅವರ ಕುದುರೆಗಳೂ ಅಲ್ಲಿಯೇ ಇದ್ದವು. ಏಕೆ ಅಷ್ಟು ದೂರ? ಬರಿಯ ಶೋಕಿಗಲ್ಲ. ನಮ್ಮ ದೇಶದ ಕುದುರೆಗಳಿಗೆ ಕೆಲವು ಅಂಟುರೋಗಗಳ ಶಂಕೆಯಿರುವುದರಿಂದ ಹೊರದೇಶಗಳು ಅವನ್ನು ಸುಲಭವಾಗಿ ಒಳಕ್ಕೆ ಬಿಡುತ್ತಿರಲಿಲ್ಲ. ಎಂತಲೇ ಸವಾರ ಇಲ್ಲಿಯವನಾದರೂ ಕುದುರೆ ಅಲ್ಲಿಯದೇ ಆಗಬೇಕಾಯಿತು. 2025ರ ಜುಲೈಯಲ್ಲಿ ಮೀರತ್ತಿನ ಸೈನ್ಯದ ಪಶುವೈದ್ಯ ಕೇಂದ್ರದಲ್ಲಿರುವ ಒಂದು ಆವರಣಕ್ಕೆ ರೋಗಮುಕ್ತವೆಂಬ ಅಂತರರಾಷ್ಟ್ರೀಯ ಮಾನ್ಯತೆ ದೊರೆತಿದೆ. ಅದು ಒಳ್ಳೆಯ ಸುದ್ದಿ. ಅಲ್ಲಿಯವರೆಗೆ ಈ ಆಟ ವಿಮಾನ ಹತ್ತಬಲ್ಲ ಮನೆತನಗಳ ಪಾಲಿಗೆ ಉಳಿದದ್ದು ಆಶ್ಚರ್ಯವಲ್ಲ.

ಈ ಎರಡರ ನಡುವೆ ಮೂರನೆಯದೊಂದು ದಾರಿಯನ್ನು ನಮ್ಮ ಕರ್ನಾಟಕವೇ ತೋರಿಸಿದೆ. ಬೆಂಗಳೂರಿನ ಫೌವಾದ್ ಮಿರ್ಜಾ ಕುದುರೆ ವೈದ್ಯರ ಮಗ. 2018ರ ಜಕಾರ್ತಾ ಕ್ರೀಡಾಕೂಟದಲ್ಲಿ ಅವರಿಗೆ ವೈಯಕ್ತಿಕ ಬೆಳ್ಳಿ, ತಂಡಕ್ಕೂ ಬೆಳ್ಳಿ. ಸವಾರಿಯಲ್ಲಿ ಭಾರತೀಯನೊಬ್ಬನಿಗೆ ವೈಯಕ್ತಿಕ ಪದಕ ಬಂದದ್ದು 36 ವರ್ಷಗಳ ಮೇಲೆ. 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಸೀನ್ಯೋರ್ ಮೆಡಿಕಾಟ್ ಎಂಬ ಕುದುರೆಯ ಮೇಲೆ 23ನೆಯ ಸ್ಥಾನ ಪಡೆದರು. ಅವರಿಗಿಂತ ಮುಂಚೆ ಒಲಿಂಪಿಕ್ಸಿನಲ್ಲಿ ಸವಾರಿ ಮಾಡಿದ ಭಾರತೀಯ 2000ದ ಸಿಡ್ನಿಯ ಇಮ್ತಿಯಾಜ್ ಅನೀಸ್. ಇಷ್ಟರ ಹಿಂದೆ ನಿಂತದ್ದು ಬೆಂಗಳೂರಿನ ಎಂಬಸಿ ಎಂಬ ಕಟ್ಟಡ ಉದ್ಯಮದ ಸಂಸ್ಥೆ. ಕುದುರೆಯನ್ನು ಕೊಂಡುಕೊಟ್ಟು, ಜರ್ಮನಿಯಲ್ಲಿ ಗುರುಗಳ ಬಳಿ ಇರಿಸಿ, ಸಾಕುವ ಭಾರವನ್ನು ಹೊತ್ತದ್ದು ಅದು. ಈ ಮಟ್ಟದ ಕುದುರೆಯ ಬೆಲೆ ಕೋಟಿಗಳ ಲೆಕ್ಕದ್ದು. ವೈದ್ಯರ ಮಗನಿಗೂ ಅದು ನಿಲುಕುವಂತಹುದಲ್ಲ. ಎಂದರೆ, ದೇಶದ ಮೊದಲ ಪಂಕ್ತಿಯ ಸವಾರರೂ ಒಂದರ್ಥದಲ್ಲಿ ಬಾರಗೀರರೇ! ಹಿಂದೆ ಅರಮನೆ ಕೊಡುತ್ತಿದ್ದ ಆಶ್ರಯವನ್ನು ಈಗ ಕಂಪೆನಿ ಕೊಡುತ್ತಿದೆ. ಕೇಂದ್ರ ಸರ್ಕಾರವೂ ಒಲಿಂಪಿಕ್ ಪದಕ ಗುರಿಯ ಯೋಜನೆಯಲ್ಲಿ ಆರಿಸಿದವರಿಗೆ ತಿಂಗಳಿಗೆ 50,000 ರೂಪಾಯಿ ಕೈಖರ್ಚು ಕೊಡುತ್ತದೆ. ಆದರೆ ಆ ಪಟ್ಟಿಗೆ ಸೇರುವಷ್ಟು ಎತ್ತರಕ್ಕೆ ಏರುವ ತನಕದ ಮೆಟ್ಟಿಲುಗಳು ಯಾರ ಖರ್ಚಿನವು? ಗೆದ್ದ ಮೇಲೆ ಲಕ್ಷಗಳ ಬಹುಮಾನ ಘೋಷಿಸುವುದು ಸುಲಭ. ಫಸಲು ಬಂದ ಮೇಲೆ ಗೊಬ್ಬರ ತಂದು ಸುರಿದರೆ ಯಾವ ರೈತ ತಾನೆ ಮೆಚ್ಚುತ್ತಾನೆ?

ಇನ್ನು ಪಂದ್ಯದ ಜಾಕಿಗಳು. ನಮ್ಮ ಜಿಲ್ಲೆಗೆ ಹತ್ತಿರದ ಮೈಸೂರು ರೇಸ್ ಕ್ಲಬ್ಬು 1891ರಷ್ಟು ಹಳೆಯದು. ಚಾಮುಂಡಿ ಬೆಟ್ಟದ ಬುಡದ ಆ ಹಸುರು ಬಯಲನ್ನು ಬಸ್ಸಿನ ಕಿಟಕಿಯಿಂದ ನೋಡದವರು ನಮ್ಮಲ್ಲಿ ಯಾರಿದ್ದಾರೆ? ಜಾಕಿಗೆ ಪ್ರತಿ ಓಟಕ್ಕೆ ಇಷ್ಟು ಎಂದು ಸವಾರಿ ಶುಲ್ಕ, ಗೆದ್ದರೆ ಬಹುಮಾನದಲ್ಲಿ ಒಂದು ಅಂಶ. ಹೆಸರುವಾಸಿಯಾದ ಕೆಲವರು ಚೆನ್ನಾಗಿ ಸಂಪಾದಿಸುತ್ತಾರೆ. ಉಳಿದವರಿಗೆ ತೂಕ ಏರದಂತೆ ಅರೆಹೊಟ್ಟೆ, ಓಟ ಸಿಗದ ದಿನ ಬರಿಗೈ. ಜಾಕಿ ತಾನೇ ಪಣ ಕಟ್ಟುವಂತಿಲ್ಲ, ಅದು ಸರಿಯಾದ ನಿಯಮವೇ. ‘ಜೂಜಿನ ದುಡ್ಡು ಮನೆಗೆ ಬೇಡ’ ಎನ್ನುವಳು ನನ್ನ ತಾಯಿ. ಕುದುರೆ ಪಂದ್ಯ ಕೌಶಲದ ಆಟವೇ ಹೊರತು ಜೂಜಲ್ಲವೆಂದು ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪಿತ್ತಿದೆ ಎಂದು ನಾನು ಹೇಳಿದೆ. ‘ಕೋರ್ಟಿನವರು ನಮ್ಮ ಬೀದಿಯ ಸಂಸಾರಗಳನ್ನು ನೋಡಿಲ್ಲ’ ಎಂದು ಬಿಟ್ಟಳು. ಆಕೆಯ ಮಾತಿನಲ್ಲಿಯೂ ನಿಜವಿದೆ. ನನ್ನ ಮಟ್ಟಿಗೆ ಪಣ ಕಟ್ಟುವವನೊಬ್ಬ, ಪ್ರಾಣ ಕಟ್ಟುವವನೊಬ್ಬ. ಎರಡನೆಯವನ ಬಗ್ಗೆ ಮಾತ್ರ ನಾನು ಬರೆಯುತ್ತಿದ್ದೇನೆ.

ಪಂದ್ಯದ ಪಣದ ಮೇಲೆ 2023ರ ಅಕ್ಟೋಬರಿನಿಂದ ಪೂರ್ಣ ಮೊತ್ತಕ್ಕೆ ಶೇಕಡ 28ರಷ್ಟು ಜಿ.ಎಸ್.ಟಿ. ಬಿತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇಕಡ 40 ಆಯಿತು. ಪಣದ ಚಟಕ್ಕೆ ತೆರಿಗೆ ಹಾಕುವುದನ್ನು ನಾನು ವಿರೋಧಿಸುವುದಿಲ್ಲ. ಆದರೆ ಓಡುವ ಕುದುರೆಯ ಬೆನ್ನ ಮೇಲಿಂದ ಬರುವ ಈ ಹಣದಲ್ಲಿ ನೂರಕ್ಕೆ ಒಂದು ರೂಪಾಯಿಯಾದರೂ ಆ ಬೆನ್ನ ಮೇಲೆ ಕುಳಿತವನ ಮೂಳೆಗೆ, ಲಾಯದಲ್ಲಿ ಲದ್ದಿ ಬಳಿಯುವ ಹುಡುಗನ ವಿಮೆಗೆ ಮೀಸಲಾಗಬೇಡವೆ? ಕಟ್ಟಡ ಕಾರ್ಮಿಕರಿಗೆ ಅಂತಹ ನಿಧಿಯುಂಟು. ಕಟ್ಟಡ ಕಟ್ಟುವವರಿಂದಲೇ ತೆರಿಗೆ ಎತ್ತಿ ಅದನ್ನು ನಡೆಸುತ್ತಾರೆ. ಅದೇ ನ್ಯಾಯ ಲಾಯಕ್ಕೂ ಸಲ್ಲಬೇಕು. ಭಾವನ ಕಾಲು ಮುರಿದಾಗ ಅಂತಹ ನಿಧಿಯೊಂದರ ಪುಸ್ತಕದಲ್ಲಿ ಅವನ ಹೆಸರು ಇದ್ದಿದ್ದರೆ ಮಾವನವರು ಎರಡು ಕುಂಟೆ ಜಮೀನನ್ನು ಮಾರಬೇಕಾಗಿರಲಿಲ್ಲ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ವಿಮೆ ಇದೆಯಲ್ಲ ಎನ್ನಬಹುದು. ಅದು ಸತ್ತವನಿಗೆ, ಶಾಶ್ವತವಾಗಿ ಅಂಗಹೀನನಾದವನಿಗೆ. ಆರು ತಿಂಗಳು ಮಂಚದಲ್ಲಿ ಮಲಗಿ ಎದ್ದವನಿಗೆ ಅದರಿಂದ ಕಾಸು ಬರುವುದಿಲ್ಲ. ಆದರೂ ಹದಿನೆಂಟು ತುಂಬಿದ ಪ್ರತಿ ಸವಾರನೂ ಅದನ್ನು ಮಾಡಿಸಿಕೊಳ್ಳಲಿ; ಇಪ್ಪತ್ತು ರೂಪಾಯಿ ಒಂದು ಮಸಾಲೆ ದೋಸೆಗೂ ಸಾಲದು.

ಪರಾಶ್ರಯವನ್ನೇ ನೆಚ್ಚಿದರೆ ಏನಾಗುತ್ತದೆಂಬುದಕ್ಕೆ ಊಟಿಯ ಪಂದ್ಯದ ಮೈದಾನವನ್ನು ನೋಡಿದರೆ ಸಾಕು. ಗುತ್ತಿಗೆಯ ಬಾಕಿಯ ಕಾರಣದಿಂದ 2024ರಲ್ಲಿ ತಮಿಳುನಾಡು ಸರ್ಕಾರ ಆ ಜಾಗವನ್ನು ವಶಕ್ಕೆ ತೆಗೆದುಕೊಂಡಿತು. ಸರ್ಕಾರದ ಜಾಗ ಸರ್ಕಾರಕ್ಕೆ ಹೋಯಿತು, ತಪ್ಪೇನಿಲ್ಲ. ಆದರೆ ಪ್ರತಿ ಬೇಸಿಗೆಯಲ್ಲಿ ಅಲ್ಲಿ ಕುದುರೆ ಹಿಡಿದು ನಾಲ್ಕು ಕಾಸು ಕಾಣುತ್ತಿದ್ದ ಹುಡುಗರನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಹಾಗಾದರೆ ಸವಾರ ತನ್ನ ಕಾಲ ಮೇಲೆ ತಾನು ನಿಲ್ಲುವುದು ಸಾಧ್ಯವೆ? ಇಲ್ಲಿ ನನಗೆ ತುಂಬ ಮೆಚ್ಚಿಕೆಯಾದ ಒಂದು ವೃತ್ತಾಂತವನ್ನು ಹೇಳಬೇಕು. ಎರಡನೆಯ ಮಹಾಯುದ್ಧದ ತರುವಾಯ ಹಾಲೆಂಡಿನಿಂದ ಅಮೆರಿಕಕ್ಕೆ ವಲಸೆ ಬಂದ ಹ್ಯಾರಿ ಡಿಲೇಯರ್ ಎಂಬಾತ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಸವಾರಿ ಕಲಿಸುವ ಮೇಷ್ಟರಾಗಿದ್ದ. 1956ರಲ್ಲಿ ಶಾಲೆಗೆ ಕುದುರೆ ಕೊಳ್ಳಲೆಂದು ಸಂತೆಗೆ ಹೋದಾಗ ಹೊತ್ತು ಮೀರಿತ್ತು. ಉಳಿದಿದ್ದ ಕುದುರೆಗಳು ಕಟುಕರ ಲಾರಿಯಲ್ಲಿದ್ದವು. ಅದರಲ್ಲಿ ಒಂದು ಬಿಳಿಯ ಉಳುವ ಕುದುರೆಯನ್ನು ಎಂಬತ್ತು ಡಾಲರಿಗೆ ಇಳಿಸಿಕೊಂಡು ಬಂದ. ಹೆಸರು ಸ್ನೋಮನ್. ಕೆಲಕಾಲ ಮಕ್ಕಳಿಗೆ ಪಾಠ ಹೇಳಿದ ಮೇಲೆ ಅದನ್ನು ನೆರೆಯವನೊಬ್ಬನಿಗೆ ಮಾರಿದರೆ, ಆ ಕುದುರೆ ಬೇಲಿಗಳನ್ನು ಹಾರಿ ಹಾರಿ ಹಿಂದಕ್ಕೆ ಬಂತು! ಬೇಲಿ ಹಾರುವ ಕುದುರೆಗೆ ಹಾರುವುದನ್ನೇ ಕಲಿಸಿದರಾಯಿತೆಂದು ಡಿಲೇಯರ್ ಮರಳಿ ಕೊಂಡ. 1958ರಲ್ಲಿ ನ್ಯೂಯಾರ್ಕಿನಲ್ಲಿ ಶ್ರೀಮಂತರ ಜಾತಿ ಕುದುರೆಗಳ ನಡುವೆ ಸ್ನೋಮನ್ ರಾಷ್ಟ್ರಪ್ರಶಸ್ತಿ ಗೆದ್ದಿತು.

ಈ ಕಥೆಯನ್ನು ಪವಾಡವೆಂದು ಹೇಳುವವರೇ ಹೆಚ್ಚು. ನನಗೆ ಕಾಣುವುದು ಪವಾಡವಲ್ಲ, ಸಂಬಳ. ಡಿಲೇಯರನಿಗೆ ಮೇಷ್ಟರ ಕೆಲಸವಿತ್ತು, ಶಾಲೆಯ ಲಾಯವಿತ್ತು, ಸೋತರೂ ಮನೆಯಲ್ಲಿ ಒಲೆ ಉರಿಯುತ್ತಿತ್ತು. ಅದರ ಬಲದಿಂದ ಎಂಬತ್ತು ಡಾಲರಿನ ಸಾಹಸ ಮಾಡಿದ. ಜಗತ್ತಿನ ಬಹುಪಾಲು ವೃತ್ತಿಪರ ಸವಾರರು ಬದುಕುವುದು ಹೀಗೆಯೇ. ಪದಕದಿಂದ ಬದುಕುವವರು ವಿರಳ. ಬೇರೆಯವರ ಮಕ್ಕಳಿಗೆ ಕಲಿಸಿ, ಬೇರೆಯವರ ಒರಟು ಕುದುರೆಗಳನ್ನು ಹದಗೊಳಿಸಿ, ಎಳೆಯ ಕುದುರೆ ಕೊಂಡು ಪಳಗಿಸಿ ಮಾರಿ ಸವಾರರು ಹೊಟ್ಟೆ ಹೊರೆಯುತ್ತಾರೆ. ಜಾಕಿಯ ವೃತ್ತಿ ಮೂಳೆ ಗಟ್ಟಿಯಿರುವ ತನಕ, ಕಲಿಸುವವನದು ಹಾಗಲ್ಲ. ಜಪಾನಿನ ಹಿರೋಶಿ ಹೊಕೆತ್ಸು 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ಪರ್ಧಿಸಿದಾಗ ಅವರ ವಯಸ್ಸು 71. ನಮ್ಮೂರಿನಲ್ಲಿ ಆ ವಯಸ್ಸಿಗೆ ಜಗುಲಿಯಿಂದ ಇಳಿಯಲು ಮೊಮ್ಮಗನ ಹೆಗಲು ಹುಡುಕುತ್ತಾರೆ.

ಕೆಲವು ದೇಶಗಳಲ್ಲಿ ಇನ್ನೊಂದು ಪದ್ಧತಿಯುಂಟು. ಒಂದು ಕುದುರೆಯನ್ನು ಹತ್ತು ಹದಿನೈದು ಮಂದಿ ಪಾಲುಹಾಕಿ ಕೊಳ್ಳುತ್ತಾರೆ. ಸವಾರ ಅದನ್ನು ಸಾಕಿ ಸ್ಪರ್ಧೆಗೆ ಒಯ್ಯುತ್ತಾನೆ. ಖರ್ಚನ್ನು ಪಾಲುದಾರರು ಹಂಚಿಕೊಳ್ಳುತ್ತಾರೆ. ಕುದುರೆ ಮಾರಿದಾಗ ಬಂದುದರಲ್ಲಿ ಎಲ್ಲರಿಗೂ ಪಾಲು. ಇದನ್ನು ಓದಿದಾಗ ನನಗೆ ನಮ್ಮೂರಿನ ಹಾಲಿನ ಡೈರಿಯ ನೆನಪಾಯಿತು. ಒಬ್ಬೊಬ್ಬರಿಂದ ಆಗದ ಹಾಲಿನ ವ್ಯಾಪಾರವನ್ನು ಊರೆಲ್ಲ ಷೇರು ಹಾಕಿ ಸಂಘ ಮಾಡಿಕೊಂಡು ನಡೆಸುತ್ತಿಲ್ಲವೆ? ಒಬ್ಬನೇ ಧಣಿಯನ್ನು ನಂಬಿದ ಸವಾರ ಆ ಧಣಿಯ ಮನಸ್ಸು ತಿರುಗಿದ ದಿನ ನೆಲಕ್ಕೆ ಬೀಳುತ್ತಾನೆ. ಹದಿನೈದು ಮಂದಿಯ ಮನಸ್ಸು ಒಂದೇ ದಿನ ತಿರುಗುವುದು ಅಪರೂಪ. ನಮ್ಮ ಡೈರಿಯ ವಾರ್ಷಿಕ ಸಭೆಯ ದಿನದ ಹೊರತು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಆಕ್ಷೇಪಕ್ಕೆ ಉತ್ತರ ಕೊಡದೆ ಮುಂದುವರಿಯುವುದು ಅಪ್ರಾಮಾಣಿಕತೆಯಾದೀತು. ಬೇಸಿಗೆ ಬಂತೆಂದರೆ ಕೊಳವೆಬಾವಿ ಬತ್ತುವ ಜಿಲ್ಲೆ ನಮ್ಮದು. 1997ರಲ್ಲಿ ಪ್ರತ್ಯೇಕ ಜಿಲ್ಲೆಯಾದರೂ ಕೂಲಿಗಾಗಿ ಕೇರಳದ ಶುಂಠಿ ಹೊಲಗಳಿಗೆ ಹೋಗುವವರ ಸಾಲು ನಿಂತಿಲ್ಲ. ಇಲ್ಲಿ ಕುದುರೆಗೆ ಸರ್ಕಾರದ ಹಣವೆ? ಅದೇ ಹಣದಲ್ಲಿ ಹತ್ತು ಹುಡುಗರಿಗೆ ಓಟದ ಬೂಟು ಕೊಡಿಸಬಹುದಲ್ಲ? ಈ ಆಕ್ಷೇಪವನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಶ್ರೀಮಂತನ ಮಗನಿಗೆ ಕುದುರೆ ಕೊಳ್ಳಲು ಸರ್ಕಾರ ಒಂದು ಕಾಸು ಕೊಟ್ಟರೂ ಅದನ್ನು ವಿರೋಧಿಸುವವರಲ್ಲಿ ನಾನೂ ಒಬ್ಬ. ನಾನು ಕೇಳುವುದು ಕುದುರೆಯನ್ನಲ್ಲ, ಕುದುರೆಯ ಮೇಲೆ ಒಂದು ಆಸನವನ್ನು. ಮೈಸೂರಿನ ಅಶ್ವದಳದಲ್ಲಿ ಕುದುರೆಗಳಿವೆ, ಲಾಯವಿದೆ, ನುರಿತ ಸವಾರರಿದ್ದಾರೆ. ಅವುಗಳ ಮೇವಿನ ಖರ್ಚು ಈಗಾಗಲೇ ಸರ್ಕಾರದ್ದು. ಅಲ್ಲಿ ಮೈಸೂರು ಚಾಮರಾಜನಗರ ಜಿಲ್ಲೆಗಳ ಹಳ್ಳಿ ಶಾಲೆಗಳಿಂದ ವರ್ಷಕ್ಕೆ ಹತ್ತು ಮಕ್ಕಳನ್ನು ಆರಿಸಿ, ವಿದ್ಯಾರ್ಥಿನಿಲಯದಲ್ಲಿ ಇರಿಸಿ, ಶುಲ್ಕವಿಲ್ಲದೆ ವರ್ಷಪೂರ್ತಿ ಕಲಿಸಿದರೆ ಆಗುವ ಹೆಚ್ಚಿನ ವೆಚ್ಚ ಎಷ್ಟಾದೀತು? ಪಂದ್ಯದಿಂದ ನಿವೃತ್ತಿಯಾದ ಕುದುರೆಗಳು ಎಷ್ಟೋ ಬಾರಿ ಸವಾರಿ ಶಾಲೆಗಳಿಗೆ ಬರುವುದುಂಟು. ಅವನ್ನೂ ಇದಕ್ಕೆ ಬಳಸಬಹುದು. ಎನ್.ಸಿ.ಸಿ.ಯಲ್ಲಿ ಕುದುರೆ ದಳವೂ ಒಂದಿದೆ. ನಮ್ಮ ರಾಜ್ಯದ್ದು ಬೆಂಗಳೂರಿನ ಹೆಬ್ಬಾಳದಲ್ಲಿ. ನಮ್ಮ ಕಾಲೇಜಿನ ಹುಡುಗರು ಬಂದೂಕು ಹಿಡಿದಿದ್ದಾರೆಯೇ ಹೊರತು ಲಗಾಮು ಹಿಡಿದಿಲ್ಲ. ಇನ್ನೊಂದು ದಳ ಮೈಸೂರಿನಲ್ಲಿ ಹುಟ್ಟಬಾರದೆಂದು ಯಾವ ಶಾಸನವಿದೆ? ಹಾಗೆ ಕಲಿತವನು ಪದಕ ತರದಿದ್ದರೂ ಸವಾರಿಯ ಮೇಷ್ಟರಾದಾನು, ಕುದುರೆಯ ಶುಶ್ರೂಷಕನಾದಾನು, ಸೈನ್ಯಕ್ಕಾದರೂ ಸೇರಿಯಾನು. ಓಟದ ಬೂಟು ಕೊಟ್ಟ ಹುಡುಗರಿಗೆಲ್ಲ ಓಟದಲ್ಲಿ ಅನ್ನ ಸಿಕ್ಕಿತೆ ಎಂದು ನಾನೂ ಮರುಪ್ರಶ್ನೆ ಹಾಕಬಹುದು.

ಈ ಲೇಖನ ಬರೆಯಲು ಕಾರಣನಾದವನೊಬ್ಬನಿದ್ದಾನೆ. ಭಾವನ ಕಿರಿಯ ತಮ್ಮ. ಹದಿನೈದು ವರ್ಷ, ಈ ಸಲ ಎಸ್.ಎಸ್.ಎಲ್.ಸಿ. ಮೈ ಸಣ್ಣದು, ಕೈ ಮಾತ್ರ ಉಕ್ಕಿನಂತಹುದು. ಅಣ್ಣ ಕಾಲು ಮುರಿದುಕೊಂಡು ಬಂದುದನ್ನು ಕಣ್ಣಾರೆ ಕಂಡವನು. ಆದರೂ ಅವನ ಬಾಯಲ್ಲಿ ಕುದುರೆಯ ಮಾತೇ. ಪರೀಕ್ಷೆ ಮುಗಿದ ಮರುದಿನವೇ ಲಾಯಕ್ಕೆ ಹೋಗುತ್ತೇನೆ ಎನ್ನುತ್ತಾನೆ. ನಮ್ಮ ಎರಡು ಮನೆಗಳಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ ಮಾವನವರು ‘ನೀನೆ ಹೇಳಪ್ಪ, ಓದ್ದವ್ನು’ ಎಂದು ನನ್ನ ಮುಂದೆ ತಂದು ನಿಲ್ಲಿಸಿದರು. ಓದಿದವನಿಗೆ ತಿಳಿಯದ್ದು ಎಷ್ಟಿದೆಯೆಂಬುದು ಅವರಿಗೇನು ಗೊತ್ತು!

ನಾನು ಅವನಿಗೆ ಹೋಗಬೇಡ ಎನ್ನಲಿಲ್ಲ. ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಹದಿನೆಂಟು ತುಂಬುವ ತನಕ ಯಾವ ಲಾಯದ ಕೆಲಸಕ್ಕೂ ಸೇರಬೇಡ, ಪಿ.ಯು.ಸಿ.ಯನ್ನು ಬಿಡಬೇಡ, ಜಾಕಿಯೇ ಆಗಬೇಕೆಂದಿದ್ದರೆ ಬೆಂಗಳೂರಿನ ಟರ್ಫ್ ಕ್ಲಬ್ಬಿನಲ್ಲಿರುವಂತಹ, ಹೆಸರನ್ನು ಪುಸ್ತಕದಲ್ಲಿ ಬರೆದುಕೊಂಡು ತರಬೇತು ಕೊಡುವ ಶಾಲೆಯನ್ನು ಕೇಳು, ಬಾಯಿಮಾತನ್ನು ನಂಬಬೇಡ, ಸೈನ್ಯದ ಭರ್ತಿಯ ದಿನಾಂಕಗಳನ್ನು ನೋಡುತ್ತಿರು. ಪೋಲೀಸು ಅಶ್ವದಳವನ್ನು ಮೊದಲು ಬರೆದೆ, ಆಮೇಲೆ ಹೊಡೆದುಹಾಕಿದೆ. ಪೋಲೀಸಿಗೆ ಬೇಕಾದ ಎತ್ತರ ಅವನಿಗಿಲ್ಲ, ಇನ್ನು ಮೂರು ವರ್ಷದಲ್ಲಿ ಬಂದೀತೆಂದು ಅವನಪ್ಪನನ್ನು ನೋಡಿದರೆ ತೋರುವುದಿಲ್ಲ. ಸಂಬಳ ಪಿಂಚಣಿ ಇರುವ ಕುದುರೆಗೆ ಎತ್ತರದ ಆಳು ಬೇಕು. ಎರಡೂ ಇಲ್ಲದ ಕುದುರೆಗೆ ಕುಳ್ಳನೇ ಬೇಕು.

ಹುಡುಗ ಹಾಳೆಯನ್ನು ಎರಡು ಸಲ ಓದಿ ಜೇಬಿನಲ್ಲಿಟ್ಟುಕೊಂಡ. ‘ಇದ್ರಲ್ಲಿ ಕುದ್ರ ಹತ್ತೋದು ಯಾವತ್ತು ಅಂತ ಬರ್ದಿಲ್ವಲ್ಲಣ್ಣ’ ಎಂದ. ಫಲಿತಾಂಶ ಬರುವ ತನಕ ಕಾಯುತ್ತೇನೆಂದು ಮಾತು ಕೊಟ್ಟಿದ್ದಾನೆ.